ಕಣಗಿಲೆಯ ಸಾಲು

ಹೊಸದುರ್ಗದಿಂದ ಹೊಳಲ್ಕೆರೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ಸರ್ಕಾರದ ಒಂದು ಪ್ರವಾಸಿ ಮಂದಿರವಿತ್ತು. ಅಪ್ಪ ಅಲ್ಲಿ ಮಾಲಿ. ಮಂದಿರದ ಹಿಂದೆ, ನೀರಿನ ತೊಟ್ಟಿ ದಾಟಿದರೆ ನಮ್ಮ ಮನೆ. ಎರಡೇ ಕೋಣೆ. ಹಿಂದಿನದು ಅಡುಗೆಯದು, ಮಣ್ಣಿನ ನೆಲ; ಅವ್ವ ವಾರಕ್ಕೊಮ್ಮೆ ಸಗಣಿ ಹಾಕಿ ಸಾರಿಸುತ್ತಿದ್ದಳು. ಮುಂದಿನ ಕೋಣೆಗೆ ಕಡಪದ ಕಲ್ಲು ಹಾಸಿತ್ತು. ಕಪ್ಪು ಕಲ್ಲು, ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು, ಸೀಮೆಸುಣ್ಣದಲ್ಲಿ ಗೆರೆ ಎಳೆದರೆ ಎದ್ದು ಕಾಣುತ್ತಿತ್ತು. ಮನೆಯಲ್ಲಿ ಮಂಚ, ಮೇಜು ಇರಲಿಲ್ಲ. ನಾವು ಮಲಗಿದ್ದು, ಉಂಡದ್ದು, ನಾನು ಅಕ್ಷರ ತಿದ್ದಿದ್ದು ಎಲ್ಲ ಆ ಕಲ್ಲಿನ ಮೇಲೆಯೇ. ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಮೊದಲು ಒಮ್ಮೆ, ಚಳಿಗಾಲದ ಹೂವಿಗೆ ಮೊದಲು ಒಮ್ಮೆ, ಅಪ್ಪ ಅದರ ಮೇಲೆ ಬಾರ್ಡರು ಹಾಕುತ್ತಿದ್ದ.

ಬಾರ್ಡರು ಅಂದರೆ ಹೂಗಿಡಗಳ ಅಂಚು. ಗೇಟಿನಿಂದ ವರಾಂಡಕ್ಕೆ ಬರುವ ದಾರಿಗೂ ಎಡಗಡೆಯ ತಂತಿ ಬೇಲಿಗೂ ನಡುವೆ ಉದ್ದನೆಯ ಒಂದು ಪಟ್ಟಿಯಿತ್ತು. ಅಪ್ಪನ ಲೆಕ್ಕದಲ್ಲಿ ಅರವತ್ತು ಹೆಜ್ಜೆ ಉದ್ದ, ಆರು ಹೆಜ್ಜೆ ಅಗಲ. ಬೇಲಿಯಾಚೆ ಕೆಂಪು ಮಣ್ಣಿನ ಖಾಲಿ ಬಯಲು. ಆ ಪಟ್ಟಿಯಲ್ಲಿ ಯಾವ ಗಿಡ ಎಲ್ಲಿ ನಿಲ್ಲಬೇಕು ಎನ್ನುವುದನ್ನು ಅಪ್ಪ ಮೊದಲು ನಮ್ಮ ನೆಲದ ಮೇಲೆ ಕಾಳು ಇಟ್ಟು ನೋಡುತ್ತಿದ್ದ. ದಾರಿಯಂಚಿಗೆ ನೆಲಕ್ಕಂಟಿ ಹಬ್ಬುವ ಟೇಬಲ್ ರೋಜು, ಅದಕ್ಕೆ ರಾಗಿ. ಅದರ ಹಿಂದೆ ಮೊಣಕಾಲೆತ್ತರದ ಚೆಂಡುಹೂವು, ಕೋಳಿಜುಟ್ಟು. ಅವಕ್ಕೆ ಹುರುಳಿ ಮತ್ತು ಹೆಸರುಕಾಳು. ಅದರ ಹಿಂದೆ ಸೊಂಟದೆತ್ತರದ ಕಾಬಾಳೆ, ಅದಕ್ಕೆ ಕಡಲೆ. ಎಲ್ಲಕ್ಕೂ ಹಿಂದೆ, ಬೇಲಿಗೆ ಒತ್ತಿಕೊಂಡು, ಆಳೆತ್ತರದ ಕಣಗಿಲೆ; ಅದಕ್ಕೆ ಅವರೆ. ಒಂದು ಕಾಳು ಅಂದರೆ ಒಂದು ಗಿಡವಲ್ಲ, ಒಂದು ಗುಂಪು. ಗುಂಪುಗಳನ್ನು ನೇರ ಸಾಲಿನಲ್ಲಿ ಇಡುತ್ತಿರಲಿಲ್ಲ. ಒಂದರ ಬಾಲ ಇನ್ನೊಂದರ ಬೆನ್ನಿನ ಹಿಂದೆ ಹೋಗುವ ಹಾಗೆ ಇಟ್ಟು, ಬೆರಳಿನಿಂದ ಒಂದೆರಡು ಕಾಳು ಸರಿಸಿ, ಎದ್ದು ನಿಂತು ನೋಡಿ, ಮತ್ತೆ ಕೂತು ಸರಿಸುತ್ತಿದ್ದ. ಒಂದು ಹೂವು ಮುಗಿಯುವ ತಿಂಗಳಿಗೆ ಅದರ ಪಕ್ಕದ್ದು ಶುರುವಾಗಬೇಕು. ಎಲ್ಲಿಯೂ ಬರೀ ಮಣ್ಣು ಕಾಣಬಾರದು. ಎರಡು ಮೂರು ದಿನ ನಾವು ಆ ಕಾಳುಗಳನ್ನು ದಾಟಿಕೊಂಡೇ ಓಡಾಡಬೇಕಿತ್ತು.

"ಉಣ್ಣೋ ಕಾಳು ತಗಂಡು ನೆಲದ ಮ್ಯಾಲೆ ಆಡ್ತೀಯಲ್ಲ, ಒಲೆ ಮ್ಯಾಲೆ ಏನು ಸೀಮೆಸುಣ್ಣ ಬೇಯಿಸ್ಲಾ?" ಎಂದು ಅವ್ವ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

"ಇನ್ನೊಂದು ದಿನ ತಡಿಯೇ. ಕೋಳಿಜುಟ್ಟು ಇನ್ನೂ ಕುಂತಿಲ್ಲ."

"ಕೋಳಿಜುಟ್ಟು ಕುಂತ್ಕಳ್ಳಲಿ. ನಮ್ಮ ಹೊಟ್ಟೆ ನಿಂತ್ಕಂಡೈತೆ."

ಕೊನೆಗೆ ಅಪ್ಪ ಸರಿ ಎಂದಾಗ ಅವ್ವ ಬಾರ್ಡರನ್ನು ಮೊರಕ್ಕೆ ಗುಡಿಸಿಕೊಂಡು, ಕೇರಿ, ಸಾರಿಗೆ ಹಾಕುತ್ತಿದ್ದಳು. ರಾಗಿ, ಹುರುಳಿ, ಕಡಲೆ ಬೆರೆತ ಆ ಸಾರು ವರ್ಷಕ್ಕೆ ಎರಡೇ ಸಲ ನಮ್ಮ ಮನೆಯಲ್ಲಿ ಆಗುತ್ತಿದ್ದದ್ದು. ಅದರ ರುಚಿ ನನಗೆ ನೆನಪಿಲ್ಲ. ಹಲ್ಲಿಗೆ ಸಿಕ್ಕುತ್ತಿದ್ದ ಸಣ್ಣ ಕಲ್ಲು ನೆನಪಿದೆ.

ಈ ಕೆಲಸದಲ್ಲಿ ನನಗೂ ಒಂದು ಪಾಲಿತ್ತು. ಬಾರ್ಡರನ್ನು ನೋಡುವವರು ವರಾಂಡದ ಕುರ್ಚಿಯಲ್ಲಿ ಕೂರುವ ಸಾಹೇಬರು, ಅಪ್ಪನಿಗೆ ಆ ಕುರ್ಚಿಯಲ್ಲಿ ಕೂರುವ ಧೈರ್ಯವಿರಲಿಲ್ಲ. ಸಾಹೇಬರು ಯಾರೂ ಇಲ್ಲದ ಹೊತ್ತಿನಲ್ಲಿ ನನ್ನನ್ನು ಕೂರಿಸುತ್ತಿದ್ದ. ತಾನು ಗಿಡಗಳ ನಡುವೆ ಸಸಿ ಹಿಡಿದು ನಿಂತು ಕೂಗಿ ಕೇಳುತ್ತಿದ್ದ.

"ಏನು ಕಾಣ್ತೈತೆ ಗೌರೀ?"

"ಚೆಂದ ಕಾಣ್ತೈತಪ್ಪ."

"ಚೆಂದ ಗಿಂದ ಬ್ಯಾಡ. ಯಾವ್ದು ಯಾವ್ದನ್ನ ಮುಚ್ಚೈತೆ ಅದನ್ನ ಹೇಳು."

ನಾನು ಕಣ್ಣು ಕಿರಿದು ಮಾಡಿ ನೋಡಿ ಹೇಳುತ್ತಿದ್ದೆ. ಕಾಬಾಳೆಯ ಎರಡು ಎಲೆ ಚೆಂಡುಹೂವಿನ ಮೇಲೆ ಬಂದಿವೆ. ಕಣಗಿಲೆಯ ನಡುವೆ ಒಂದು ಕಡೆ ಬೇಲಿಯ ಕಂಬ ಕಾಣುತ್ತಿದೆ. ಬಣ್ಣ ಚೆನ್ನಾಗಿದೆಯೋ ಇಲ್ಲವೋ ಎಂದು ಅಪ್ಪ ಒಂದು ಸಲವೂ ಕೇಳಲಿಲ್ಲ. ಈಗ ಚಿತ್ರದುರ್ಗದಲ್ಲಿ ಹೊಸ ಮನೆ ಕಟ್ಟಿಸಿದವರು ಕಾಂಪೌಂಡಿನ ಬದಿಗೆ ಯಾವ ಗಿಡ ಹಾಕಬೇಕು ಎಂದು ನನ್ನನ್ನು ಕರೆಯುತ್ತಾರೆ. ಅಂಚುಗಳನ್ನು ಜೋಡಿಸಿ ಕೊಡುವುದೇ ನನ್ನ ಕೆಲಸವಾಗಿದೆ. ಮೊದಲು ನಾನು ಅವರ ಮನೆಯ ಕುರ್ಚಿ ಎಲ್ಲಿ ಹಾಕುತ್ತಾರೆ ಎಂದು ಕೇಳುತ್ತೇನೆ. ಎರಡನೆಯದಾಗಿ, ಇಲ್ಲಿಗೆ ಯಾವ ಪ್ರಾಣಿ ಬರುತ್ತದೆ ಎಂದು ಕೇಳುತ್ತೇನೆ. ಮೊದಲನೆಯ ಪ್ರಶ್ನೆಗೆ ಅವರು ಉತ್ತರ ಕೊಡುತ್ತಾರೆ, ಎರಡನೆಯದಕ್ಕೆ ನಗುತ್ತಾರೆ. ಆ ಎರಡನೆಯ ಪ್ರಶ್ನೆ ನನಗೆ ಹೇಗೆ ಬಂತು ಎನ್ನುವುದನ್ನು ಇಷ್ಟು ವರ್ಷ ಸರಿಯಾಗಿ ಯಾರಿಗೂ ಹೇಳಿಲ್ಲ.

ಸುಗ್ಗಿ ಮುಗಿದ ಮೇಲೆ ಈರಣ್ಣ ಮಾವ ಕುರಿ ಹೊಡೆದುಕೊಂಡು ಬರುತ್ತಿದ್ದ. ಅವ್ವನ ತಮ್ಮ. ಬಿ.ದುರ್ಗದ ಕಡೆಯವನು. ನಮ್ಮ ಅಪ್ಪನ ಮನೆತನದವರೂ ಕುರಿಯವರೇ, ಆದರೆ ತಾತನ ಕಾಲಕ್ಕೇ ಬಿಟ್ಟಿದ್ದರು. ಮಾವನ ಮನೆಯವರು ಬಿಟ್ಟಿರಲಿಲ್ಲ. ಬೇಲಿಯಾಚೆಯ ಬಯಲಿನಲ್ಲಿ ಅವನು ಸುತ್ತ ಜಾಲಿಮುಳ್ಳು ಒಟ್ಟಿ ರೊಪ್ಪ ಹಾಕಿ ಹದಿನೈದು ಇಪ್ಪತ್ತು ದಿನ ಕುರಿ ನಿಲ್ಲಿಸುತ್ತಿದ್ದ. ಅಷ್ಟು ದಿನದ ಹಿಕ್ಕೆ ಅಪ್ಪನ ಬಾರ್ಡರಿಗೆ ಇಡೀ ವರ್ಷದ ಗೊಬ್ಬರ. ಅವ್ವನಿಗೆ ಅಷ್ಟು ದಿನವೂ ತವರುಮನೆ ಬೇಲಿಯಾಚೆಗೇ ಬಂದು ಕೂತ ಹಾಗೆ. ಆ ದಿನಗಳಲ್ಲಿ ಅವಳ ನಡಿಗೆಯೇ ಬೇರೆಯಾಗುತ್ತಿತ್ತು. ಕೈಯಲ್ಲಿ ರೊಟ್ಟಿ ಸುತ್ತಿದ ಬಟ್ಟೆ ಹಿಡಿದು ದಿನಕ್ಕೆ ನಾಲ್ಕು ಸಲ ಬೇಲಿಯ ತಂತಿ ಎತ್ತಿ ನುಸುಳುತ್ತಿದ್ದಳು. ಮಾವ ಅಪ್ಪನನ್ನು ರೇಗಿಸದೆ ಬಿಡುತ್ತಿರಲಿಲ್ಲ.

"ಏನ್ ಭಾವ, ತಿನ್ನಾಕೆ ಬರದಂಥಾ ಗಿಡ ಬೆಳೆಸ್ತೀಯಲ್ಲ, ನಿಂಗೆ ಸರ್ಕಾರ ಸಂಬಳ ಬ್ಯಾರೆ ಕೊಡ್ತೈತೆ."

"ನಿನ್ನ ಕುರಿ ತಿನ್ನಂಥಾದ್ದು ಹಾಕಿದ್ರೆ ಸಾಹೇಬ್ರು ನೋಡಾಕೆ ಏನು ಉಳೀತಿತ್ತಲೇ?"

ಇದು ಬರೀ ತಮಾಷೆಯಲ್ಲ. ಬೇಲಿಯ ತಂತಿಯಲ್ಲಿ ಕುರಿ ತಲೆ ತೂರಿಸಬಹುದಿತ್ತು. ಅದಕ್ಕೇ ಬೇಲಿಗೆ ಒತ್ತಿ ಕಣಗಿಲೆ ಹಾಕಿದ್ದು. ಕಣಗಿಲೆ ವಿಷ ಎನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಕುರಿಗೂ ಗೊತ್ತು, ಅದು ಬಾಯಿ ಹಾಕುವುದಿಲ್ಲ. ಅಪ್ಪ, ಮಾವ ಇಬ್ಬರೂ ಇದನ್ನು ನಂಬಿದ್ದರು. ನಾನು ಮಾತ್ರ ನೋಡಬೇಕು ಎಂದುಕೊಂಡೆ. ಕಣಗಿಲೆಯ ಹಸಿರು ಕೊಂಬೆಯೊಂದನ್ನು ಮುರಿದು ತಂತಿಯ ನಡುವೆ ಒಂದು ಕುರಿಯ ಮೂತಿಗೆ ಹಿಡಿದೆ. ಅದು ಮೂಸಿತು, ಮೇಲಿನ ತುಟಿ ಎತ್ತಿತು, ಮುಖ ತಿರುಗಿಸಿತು. ಇನ್ನೆರಡು ಕುರಿಗೆ ಹಿಡಿದೆ. ಅವೂ ಹಾಗೆಯೇ ಮಾಡಿದವು. ಅಪ್ಪನಿಗೆ ಹೇಳಿದಾಗ ಅವನು, "ನೋಡ್ದಾ? ಅದಕ್ಕೇ ಅದು ಕಾವಲಿಗೆ ನಿಂತಿರೋದು," ಎಂದ.

ನನಗೆ ಆಗ ಒಂಬತ್ತೋ ಹತ್ತೋ. ಆ ವರ್ಷ ಮಾವ ಬರುವ ಒಂದು ವಾರ ಮೊದಲು ಅಪ್ಪ ಕಣಗಿಲೆ ಸಾಲನ್ನು ಸವರಿದ್ದ. ಕತ್ತರಿಸಿದ ಕೊಂಬೆಗಳನ್ನು ಗೊಬ್ಬರದ ಗುಂಡಿಗೆ ಹಾಕಬೇಕಿತ್ತು. ಗುಂಡಿ ಆ ತುದಿಗಿತ್ತು, ಬೇರೆ ಕೆಲಸ ಬಂತು, ಅವು ಬೇಲಿಯ ಬುಡದಲ್ಲಿ ರಾಶಿಯಾಗಿ ಉಳಿದವು. ಬಿಸಿಲಿಗೆ ಒಣಗಿ ಎಲೆ ಸುರುಳಿಯಾಗಿ, ಬೂದಿಬಣ್ಣಕ್ಕೆ ತಿರುಗಿದ್ದವು. ಮಾವ ದಿನವೂ ದೊಡ್ಡ ಕುರಿಗಳನ್ನು ಮೇಯಲು ಹೊಡೆದುಕೊಂಡು ಹೋಗುವಾಗ ಎಳೆಯ ಮರಿಗಳನ್ನು ಸಣ್ಣ ರೊಪ್ಪದಲ್ಲಿ ಬಿಟ್ಟು ಹೋಗುತ್ತಿದ್ದ. ಮರಿಗಳ ಬಾಯಿಗೆ ಎಟುಕುವ ಎತ್ತರಕ್ಕೆ ಒಂದು ಹಗ್ಗ. ಅದಕ್ಕೆ ಬೇವಿನ ಸೊಪ್ಪು, ಅತ್ತಿಯ ಸೊಪ್ಪಿನ ಕಂತೆ ಕಟ್ಟುವುದು. ಮರಿಗಳು ಆಡಾಡುತ್ತ ಅದನ್ನು ಕಿತ್ತು ತಿನ್ನುವುದು ಕಲಿಯುತ್ತವೆ. ಅಂದು ಭಾನುವಾರ. ಮರಿ ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಅಪ್ಪ ಮಂದಿರದೊಳಗೆ ನೀರು ಹಿಡಿಯುತ್ತಿದ್ದ, ಅವ್ವ ತೊಟ್ಟಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು.

ಮರಿಗಳಿಗೆ ಹಸಿವಾಗಿತ್ತು, ಸೊಪ್ಪು ಮುಗಿದಿತ್ತು, ಪಾಪ ಎನ್ನಿಸಿತು ಎಂದು ಬಹಳ ವರ್ಷ ನಾನು ಹೇಳಿಕೊಂಡು ಬಂದಿದ್ದೇನೆ. ಅದು ನಿಜವಲ್ಲ. ಹಗ್ಗದಲ್ಲಿ ಇನ್ನೂ ಎರಡು ಕಂತೆ ಸೊಪ್ಪಿತ್ತು. ಹಸಿರನ್ನು ಬಿಟ್ಟವು, ಒಣಗಿದ್ದನ್ನೂ ಬಿಡುತ್ತವೆಯೋ ನೋಡೋಣ ಎನ್ನಿಸಿತು; ವಿಷದ ಮಾತು ತಲೆಗೇ ಬರಲಿಲ್ಲ. ಅಷ್ಟೇ. ಒಣ ಕಣಗಿಲೆಯ ಒಂದು ಹಿಡಿ ಕೊಂಬೆ ತಂದು ಹಗ್ಗದ ಕೊನೆಗೆ ಕಟ್ಟಿ, ಮುಳ್ಳಿನ ಆಚೆ ಕುಕ್ಕರಗಾಲಲ್ಲಿ ಕೂತೆ. ಐದು ಮರಿ ಬಂದವು. ಒಂದು ಮೂಸಿ ಹೋಯಿತು. ಹಣೆಯ ಮೇಲೆ ಬಿಳಿ ಮಚ್ಚೆಯಿದ್ದ ಕೆಂಪು ಮರಿ ಮೊದಲು ಕಚ್ಚಿತು, ನಾಲ್ಕು ಬಾಯಿ. ಇನ್ನು ಮೂರು ಎರಡೆರಡು ಬಾಯಿ. ಎಲೆ ಹಲ್ಲಿಗೆ ಸಿಕ್ಕಿ ಚರಚರ ಎನ್ನುವುದು ಕೇಳುತ್ತಿತ್ತು. ನನಗೆ ಖುಷಿಯಾಯಿತು, ಅದನ್ನೂ ಹೇಳಬೇಕು. ಅಪ್ಪನಿಗೂ ಮಾವನಿಗೂ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಾಗಿತ್ತು. ಸಂಜೆ ಹೇಳಬೇಕೆಂದುಕೊಂಡೆ. ಸೊಪ್ಪು ಕಟ್ಟುವ ಹಗ್ಗದಲ್ಲಿ ಆಟವಾಡಿದ್ದಕ್ಕೆ ಮಾವ ಬೈದಾನೆಂದು ಉಳಿದ ಕೊಂಬೆ ಬಿಚ್ಚಿ ರಾಶಿಗೆ ಎಸೆದು, ಊಟಕ್ಕೆ ಹೋದೆ.

ಮಾವ ಇಳಿಹೊತ್ತಿಗೆ ಮೊದಲೇ ಬಂದ. ಅವನು ಕೂಗಿದ್ದು ಕೇಳಿ ನಾವು ಮೂವರೂ ಓಡಿದೆವು. ಎರಡು ಮರಿ ಸತ್ತಿದ್ದವು. ಒಂದರ ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತು, ಕಾಲು ನಡುಗುತ್ತಿತ್ತು. ಕೆಂಪು ಮರಿ ಹಲ್ಲು ಕಡಿಯುತ್ತ ಮಲಗಿತ್ತು. ಮಾವ ಅದರ ಬಾಯಿ ಬಿಡಿಸಿ ಹುಣಸೆ ನೀರು ಹೊಯ್ದ. ನಮ್ಮ ಕಣ್ಣೆದುರಿಗೇ ಆ ಎರಡೂ ಹೋದವು.

"ಕಣಗಿಲೆ ತಿಂದಂಗೈತೆ," ಎಂದ ಮಾವ. ಅವನು ಎದ್ದು ನಿಂತು ಬಾರ್ಡರಿನ ಕಡೆ ನೋಡಿದ.

"ಕಣಗಿಲೇನ ಯಾವತ್ತು ಕುರಿ ಮುಟ್ಟೈತಪ್ಪ?" ಅಪ್ಪ ಕೇಳಿದ. "ಮರಿ ರೊಪ್ಪದಾಗೇ ಇದ್ವು. ನೀನೇ ಏನೋ ಕೆಟ್ಟ ಸೊಪ್ಪು ತಂದು ಕಟ್ಟೀಯ, ನೋಡ್ಕ."

"ನಾನು? ಹುಟ್ಟಿದಾಗಿಂದ ಸೊಪ್ಪು ಕಟ್ಟೀನಿ ಭಾವ. ಯಾರೋ ತಂದು ಹಾಕ್ಯಾರೆ. ನಿನ್ನ ರಾಶಿ ಇಲ್ಲೇ ಬಿದ್ದೈತೆ."

"ಯಾರೋ ಅಂದ್ರೆ? ಇಲ್ಲಿರೋರು ನಾವೇ ಮೂರು ಜನ. ಕುರಿ ಕಾಯಾಕೆ ಬರ್ದೋನು ತಪ್ಪನ್ನ ಹೂವಿನ ಗಿಡದ ಮ್ಯಾಲೆ ಹಾಕ್ತಾನೆ."

ಅಪ್ಪ ಆಡಿದ ಆ ಕೊನೆಯ ಮಾತಿಗೆ ಅವ್ವ ಬಾಯಿಗೆ ಸೆರಗು ಹಿಡಿದಳು. ಅವಳು ಯಾರ ಕಡೆಗೂ ನಿಲ್ಲಲಾರದೆ ಇಬ್ಬರ ನಡುವೆ, ಸತ್ತ ಮರಿಗಳ ಹತ್ತಿರ ನೆಲದ ಮೇಲೆ ಕೂತಳು. ಬೆಳಿಗ್ಗೆ ಮಂದೆ ಎಬ್ಬಿಸುತ್ತೇನೆ, ಇನ್ನು ಈ ಬಯಲಿಗೆ ಬರುವುದಿಲ್ಲ ಎಂದ ಮಾವ. ಅವ್ವ ಒಯ್ದ ಮುದ್ದೆಯ ತಟ್ಟೆಯನ್ನು, "ಹಸಿವಿಲ್ಲಕ್ಕ," ಎಂದು ವಾಪಸು ಕಳಿಸಿದ. ಆ ಸಂಜೆ ನಮ್ಮ ಮನೆಯಲ್ಲೂ ಯಾರೂ ಉಣ್ಣಲಿಲ್ಲ. ನಾನು ಬಾಯಿ ಬಿಡಲಿಲ್ಲ. ಹೇಳಿದರೆ ಹೊಡೆಯುತ್ತಾರೆ ಎನ್ನುವುದಕ್ಕಿಂತ, ನಾನು ಹೇಳಿದ ಕೂಡಲೇ ಅಪ್ಪ ಆಡಿದ್ದು ಸುಳ್ಳಾಗುತ್ತದೆ, ಹೇಳದಿದ್ದರೆ ಮಾವ ಮಾಡದ ತಪ್ಪನ್ನು ಹೊತ್ತುಕೊಂಡು ಹೋಗುತ್ತಾನೆ, ಈ ಎರಡರ ನಡುವೆ ನಾನು ಸಿಕ್ಕಿಕೊಂಡಿದ್ದೆ.

ಬೆಳಿಗ್ಗೆ ಅವ್ವ ರೊಟ್ಟಿ ಕಟ್ಟುತ್ತಿದ್ದಳು. ಅವಳು ಅಳುತ್ತಿರಲಿಲ್ಲ. ಹತ್ತು ರೊಟ್ಟಿ ಎಣಿಸಿ ಇಟ್ಟು, ಮತ್ತೆ ಎರಡು ಇಟ್ಟು, ಬಟ್ಟೆಯ ಗಂಟು ಹಾಕಿ, ಬಿಚ್ಚಿ, ಇನ್ನೂ ಎರಡು ಇಟ್ಟಳು. ಇನ್ನು ಮೇಲೆ ಕೊಡುವುದಿಲ್ಲ ಎನ್ನುವವರು ಹಾಗೆ ಕಟ್ಟುತ್ತಾರೆ ಎಂದು ನನಗೆ ತಿಳಿಯಿತು. ನಾನು ಎದ್ದು ಬೇಲಿ ನುಸುಳಿ ಮಾವನ ಹತ್ತಿರ ಹೋದೆ. ಅವನು ರೊಪ್ಪದ ಮುಳ್ಳು ಎಳೆಯುತ್ತಿದ್ದ.

"ಮಾವ, ಒಣಗಿದ್ದು ನಾನೇ ಕಟ್ಟಿದ್ದು. ಹಗ್ಗದ ಈ ಕೊನೇಲಿ."

ಅವನು ಮುಳ್ಳು ಬಿಟ್ಟು ನೋಡಿದ. "ಎಷ್ಟು?"

"ಒಂದು ಹಿಡಿ. ಕೆಂಪು ಮರಿ ನಾಕು ಬಾಯಿ ತಿಂತು. ಮೂರು ಮರಿ ಎರಡೆರಡು ಬಾಯಿ. ಒಂದು ಮೂಸಿ ಬಿಡ್ತು."

"ಬಿಟ್ಟಿದ್ದು ಯಾವ್ದು?"

"ಕಿವಿ ಹರಿದಿರೋದು. ಅಗಾ, ಅಲ್ಲೈತೆ."

ಮಾವ ಆ ಮರಿಯನ್ನು ಬಹಳ ಹೊತ್ತು ನೋಡಿದ. ಅಷ್ಟರಲ್ಲಿ ಅಪ್ಪ, ಅವ್ವ ನನ್ನ ಹಿಂದೆ ಬಂದು ನಿಂತಿದ್ದರು. ಅವ್ವ ಒಂದೇ ಏಟು ಕೊಟ್ಟಳು, ಬೆನ್ನಿಗೆ. ಅಪ್ಪ ತಲೆ ಎತ್ತಲಿಲ್ಲ. "ಈರಣ್ಣ, ನಿನ್ನೆ ನಾನು ಆಡಿದ ಮಾತು..." ಎಂದು ಶುರು ಮಾಡಿದ.

"ಒಣಗಿದ್ರೆ ತಿಂತಾವೆ ಅಂತ ನಂಗೂ ಗೊತ್ತಿರ್ಲಿಲ್ಲ ಭಾವ," ಎಂದ ಮಾವ. "ನಮ್ಮಪ್ಪನೂ ಹೇಳಿರ್ಲಿಲ್ಲ." ಅದು ಕ್ಷಮಿಸಿದ ಮಾತಾಗಿರಲಿಲ್ಲ. ರೊಟ್ಟಿಯ ಗಂಟು ತೆಗೆದುಕೊಂಡ, ಮಂದೆ ಎಬ್ಬಿಸಿದ. ಮುಂದಿನ ಸಲ ಬರುತ್ತೀಯಾ ಎಂದು ಅವ್ವ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಆ ವರ್ಷ ನಮ್ಮ ನೆಲದ ಮೇಲೆ ಬಾರ್ಡರು ಬೇರೆ ಥರ ಬಿತ್ತು. ಅಪ್ಪ ಅವರೆಕಾಳುಗಳನ್ನು ಬೇಲಿಯ ಕಡೆಯಿಂದ ಎತ್ತಿ ದಾರಿಯ ಆಚೆಗೆ, ವರಾಂಡದ ಗೋಡೆಯ ಬದಿಗೆ ಇಟ್ಟ. ಸವರಿದ ಕೊಂಬೆ ಅಂದೇ ಗುಂಡಿಗೆ ಹೋಗಬೇಕೆಂದು ತನಗೆ ತಾನೇ ಜೋರಾಗಿ ಹೇಳಿಕೊಂಡ. ಬೇಲಿಯ ಬದಿಗೆ ದಾಸವಾಳ, ಮುಳ್ಳುಗೊರಟೆ, ಕ್ರೋಟನ್, ಹೆಸರಿಗಷ್ಟೇ ಕಣಗಿಲೆಯಾದ ಕಾಶಿಕಣಗಿಲೆ, ಹೀಗೆ ತುಂಡು ತುಂಡಾಗಿ ಬಂದವು. ಎತ್ತರ, ಬಣ್ಣ, ಹೂ ಬಿಡುವ ತಿಂಗಳು ನೋಡುತ್ತಿದ್ದವನು ಈಗ ಪ್ರತಿ ಕಾಳು ಇಡುವಾಗಲೂ ನನ್ನ ಮುಖ ನೋಡುತ್ತಿದ್ದ: ಇದು ಒಣಗಿದರೆ? ನಾನು ಒಂದೊಂದು ಗಿಡದ ಎಲೆಯನ್ನೂ ಮೊರದಲ್ಲಿ ಹರಡಿ ಬಿಸಿಲಿಗಿಟ್ಟೆ. ಎಷ್ಟು ದಿನಕ್ಕೆ ಸುರುಳಿಯಾಗುತ್ತದೆ, ಎಷ್ಟು ದಿನಕ್ಕೆ ವಾಸನೆ ಹೋಗುತ್ತದೆ ನೋಡಿದೆ. ಕಣಗಿಲೆಯದು ಆರನೆಯ ದಿನಕ್ಕೆ ಒಣಹುಲ್ಲಿನ ಹಾಗೆ ಆಯಿತು. ಮೂಸಿದರೆ ಏನೂ ಇಲ್ಲ. ಆದರೆ ತಿಂದರೆ ಏನಾಗುತ್ತದೆ ಎನ್ನುವುದನ್ನು ಮೊರ ಹೇಳುವುದಿಲ್ಲ, ತಿನ್ನಿಸಿ ನೋಡುವುದು ನನ್ನಿಂದ ಇನ್ನು ಆಗುತ್ತಿರಲಿಲ್ಲ. ರಸ್ತೆಯಲ್ಲಿ ಕುರಿ, ಆಡು ಹೊಡೆದುಕೊಂಡು ಹೋಗುವವರನ್ನೆಲ್ಲ ನಿಲ್ಲಿಸಿ ಕೇಳಿದೆ. ಕೆಲವಕ್ಕೆ ಮೂರು ನಾಲ್ಕು ಜನ ಒಂದೇ ಉತ್ತರ ಕೊಟ್ಟರು. ಕೆಲವಕ್ಕೆ, "ನಿಂಗ್ಯಾಕೆ ಬೇಕೇ ಹುಡುಗಿ, ಇಸ್ಕೂಲಿಗೆ ಹೋಗು," ಎಂದರು.

ಮುಂದಿನ ಸುಗ್ಗಿ ಮುಗಿಯಿತು. ಅವ್ವ ಬಯಲಿನ ಕಡೆ ನೋಡುವುದನ್ನು ನಮಗೆ ತೋರಗೊಡದೆ ನೋಡುತ್ತಿದ್ದಳು. ವಾಡಿಕೆಯ ದಿನ ಕಳೆದು ಒಂದು ವಾರವಾದ ಮೇಲೆ, ಒಂದು ಬೆಳಿಗ್ಗೆ ರಸ್ತೆಯಲ್ಲಿ ಮಂದೆ ಕಾಣಿಸಿತು. ಅದು ಬಯಲಿಗೆ ಇಳಿಯಲಿಲ್ಲ, ರಸ್ತೆಯಲ್ಲೇ ನಿಂತಿತು. ಮಾವ ಒಬ್ಬನೇ ಬೇಲಿಯವರೆಗೆ ಬಂದ. ಅವ್ವನಿಗೆ, "ಚೆನ್ನಾಗಿದಿಯಾ ಅಕ್ಕ?" ಎಂದ. ಆಮೇಲೆ ನನ್ನ ಕಡೆ ತಿರುಗಿದ.

"ಬಾರೇ ಗೌರಿ. ನೋಡ್ಕಂಡು ಹೋಗಾಣ."

ಅವನು ಬೇಲಿಯಾಚೆ, ನಾನು ಈಚೆ. ಕೋಲಿನಿಂದ ಒಂದೊಂದು ಗಿಡ ತೋರಿಸುತ್ತ ನಡೆದ.

"ಇದು?"

"ದಾಸವಾಳ. ಹಸೀದೂ ತಿಂತಾವೆ, ಒಣಗಿದ್ದೂ ತಿಂತಾವೆ. ಏನೂ ಆಗಲ್ಲ. ನಾಕು ಜನ ಹೇಳಿದ್ರು."

"ಇದು?"

"ಗೊರಟೆ. ಮುಳ್ಳಿಗೆ ಬಾಯಿ ಹಾಕಲ್ಲ. ಒಣಗಿದ್ರೂ ಮುಳ್ಳು ಹಂಗೇ ಇರುತ್ತೆ."

"ಈ ಬಣ್ಣದೆಲೇದು?"

ಕ್ರೋಟನ್. ಅದರ ಬಗ್ಗೆ ನಾನು ಕೇಳಿದವರಲ್ಲಿ ಯಾರೂ ನೆಟ್ಟಗೆ ಹೇಳಿರಲಿಲ್ಲ. ಏನೂ ಆಗುವುದಿಲ್ಲ ಎಂದರೆ ಅವನು ಮಂದೆ ಇಳಿಸುತ್ತಾನೆ ಎನ್ನುವುದು ನನಗೆ ಗೊತ್ತಿತ್ತು. ಅವ್ವ ತೊಟ್ಟಿಯ ಹತ್ತಿರ ಕೊಡ ಹಿಡಿದು ನಿಂತಿದ್ದಳು, ಕೊಡ ತುಂಬಿ ಚೆಲ್ಲುತ್ತಿತ್ತು.

"ಗೊತ್ತಿಲ್ಲ ಮಾವ."

"ಇದು?"

"ಕಾಶಿಕಣಗಿಲೆ. ಹಸೀದು ತಿನ್ನಲ್ಲ. ಒಣಗಿದ್ದು ಗೊತ್ತಿಲ್ಲ."

ಅವನು ಬೇಲಿಯ ಕೊನೆಯವರೆಗೂ ಹೋಗಿ ವಾಪಸು ಬಂದ. ಅಪ್ಪ ಗುದ್ದಲಿ ಹಿಡಿದು ಅಲ್ಲೇ ಇದ್ದ. ಅವನನ್ನು ಮಾವ ಮೊದಲ ಸಲ ಮಾತಾಡಿಸಿದ.

"ಜಾಲಿಮುಳ್ಳು ಕಡಿಯಾಕೆ ಬಾ ಭಾವ. ಹುಡುಗಿ ಗೊತ್ತಿಲ್ಲ ಅಂದ ಕಡೆಗೆಲ್ಲ ಮುಳ್ಳು ಹಾಕಾಣ. ಉಳಿದ ಕಡೆ ಕುರಿ ನಿಲ್ಲಿಸ್ತೀನಿ."

ಮಧ್ಯಾಹ್ನದ ಹೊತ್ತಿಗೆ ಬಾರ್ಡರಿನ ಹಿಂಬದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಮುಳ್ಳಿನ ಮರೆಗೆ ಹೋಯಿತು. ಮಾವ ರಸ್ತೆಯ ಕಡೆ ತಿರುಗಿ ನಾಲಿಗೆಯಲ್ಲಿ ಸದ್ದು ಮಾಡಿದ, ಮಂದೆ ಬಯಲಿಗೆ ಇಳಿಯಿತು. ಅವ್ವ ಹಿಟ್ಟು ಕಲಸಲು ಒಳಗೆ ಓಡಿದಳು. ಎರಡು ದಿನದ ಮೇಲೆ ಜೀಪಿನಲ್ಲಿ ಬಂದ ಇಂಜಿನಿಯರ್ ಸಾಹೇಬರು ವರಾಂಡದಲ್ಲಿ ಕೂತು, ಹೂವಿನ ಹಿಂದೆ ಎದ್ದು ಕಾಣುತ್ತಿದ್ದ ಆ ಒಣಮುಳ್ಳನ್ನು ನೋಡಿ, ಇಷ್ಟು ಚೆನ್ನಾಗಿ ಬೆಳೆಸಿ ಇದೇನಪ್ಪ ಅಸಹ್ಯ ಎಂದು ಕೇಳಿದರು.

ಅಪ್ಪ ಟವಲ್ಲನ್ನು ಹೆಗಲಿನಿಂದ ಇಳಿಸಿ ಕೈಯಲ್ಲಿ ಹಿಡಿದುಕೊಂಡ.

"ಆ ಗಿಡಗಳು ನಮ್ಮ ಹುಡುಗೀಗೆ ಇನ್ನೂ ಗೊತ್ತಿಲ್ಲ ಸಾರ್," ಎಂದ.